ಸ್ಕೋಪ್ ಇಲ್ಲದ ಬ್ರಾಂಚ್‌ನ ಕ್ಯಾಪ್ಟನ್

ಜಾನಿ ವಾಕರ್ ಅಂದ್ರೆ ಹಾಸ್ಟೆಲ್‌ನಲ್ಲಿ ಎಲ್ಲರಿಗೂ ಬಾಟಲಿನೇ ನೆನಪಾಗುತ್ತೆ. ನಾನು ಹೇಳ್ತಿರೋದು ಫ್ರೆಡರಿಕ್ ಜಾನ್ ವಾಕರ್ ಬಗ್ಗೆ. ಎರಡನೇ ಮಹಾಯುದ್ಧದ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್. 'ಜಾನಿ' ಅನ್ನೋ ಅಡ್ಡಹೆಸರು ಅವರಿಗೆ ಬಂದಿದ್ದು ಆ ವಿಸ್ಕಿಯಿಂದಲೇ!

1896ರಲ್ಲಿ ಹುಟ್ಟಿದ ವಾಕರ್, ಮೊದಲ ಮಹಾಯುದ್ಧ ಮುಗಿದ ಮೇಲೆ ಜಲಾಂತರ್ಗಾಮಿಗಳನ್ನು ಹುಡುಕಿ ಹೊಡೆಯುವ ವಿದ್ಯೆ ಹಿಡಿದರು. ಆಗ ನೌಕಾಪಡೆಯಲ್ಲಿ ಮರ್ಯಾದೆ ಇದ್ದದ್ದು ದೊಡ್ಡ ಹಡಗು, ದೊಡ್ಡ ಫಿರಂಗಿಗಳಿಗೆ. ಇವರದ್ದು ನಮ್ಮ ಭಾಷೆಯಲ್ಲಿ 'ಸ್ಕೋಪ್ ಇಲ್ಲದ ಬ್ರಾಂಚ್'. ಬಡ್ತಿ ತಪ್ಪಿತು. 1939ರಲ್ಲಿ ಯುದ್ಧ ಶುರುವಾದರೂ ಅವರ ಕೈಗೆ ಹಡಗು ಬಂದಿದ್ದು 1941ರಲ್ಲಿ.

ಅದೇ ಡಿಸೆಂಬರ್‌ನಲ್ಲಿ ಜಿಬ್ರಾಲ್ಟರ್‌ನಿಂದ ಬ್ರಿಟನ್‌ಗೆ ಹೊರಟ ಎಚ್‌ಜಿ 76 ಅನ್ನೋ ಸರಕು ಹಡಗುಗಳ ಸಾಲಿಗೆ ಅವರ ಗುಂಪು ಕಾವಲು ನಿಂತಿತು. ದಿನಗಟ್ಟಲೆ ಜರ್ಮನ್ ಯು-ಬೋಟ್‌ಗಳ ದಾಳಿ. ಎರಡು ಸರಕು ಹಡಗು, ಎರಡು ಕಾವಲು ಹಡಗು ಮುಳುಗಿದವು. ಆದರೆ ಕಾವಲು ಪಡೆ ನಾಲ್ಕು ಯು-ಬೋಟ್‌ಗಳನ್ನು ಮುಳುಗಿಸಿತ್ತು.

ಇನ್ನು ಎಂಜಿನಿಯರಿಂಗ್ ಭಾಗ. ಅಸ್ಡಿಕ್, ಅಂದರೆ ಇವತ್ತಿನ ಸೋನಾರ್, ನೀರೊಳಗೆ ಶಬ್ದ ಕಳಿಸಿ ಪ್ರತಿಧ್ವನಿ ಹಿಡಿಯುತ್ತೆ. ತೀರಾ ಹತ್ತಿರ ಹೋದರೆ, ಆಳದಲ್ಲಿರೋ ಯು-ಬೋಟ್ ಆ ಬೀಮ್‌ನ ಕೆಳಗೆ ತಪ್ಪಿಸಿಕೊಳ್ಳುತ್ತಿತ್ತು. ಡೆಪ್ತ್ ಚಾರ್ಜ್ ಹಾಕೋ ಹೊತ್ತಿಗೆ ಸರಿಯಾಗಿ ಹಡಗು ಕುರುಡು! ಜೊತೆಗೆ ವೇಗವಾಗಿ ಬರೋ ಹಡಗಿನ ಸದ್ದು ಕೇಳಿ ಯು-ಬೋಟ್ ಪಕ್ಕಕ್ಕೆ ಸರಿಯುತ್ತಿತ್ತು. ವಾಕರ್ ಹೊಸ ಯಂತ್ರಕ್ಕೆ ಕಾಯಲಿಲ್ಲ, ಕೆಲಸವನ್ನು ಎರಡು ಹಡಗಿಗೆ ಹಂಚಿದರು. ಒಂದು ದೂರದಿಂದ ಅಸ್ಡಿಕ್‌ನಲ್ಲಿ ಗುರಿ ಹಿಡಿದಿರುತ್ತೆ. ಇನ್ನೊಂದು ತನ್ನ ಅಸ್ಡಿಕ್ ಆಫ್ ಮಾಡಿ, ತೆವಳಿದ ಹಾಗೆ ಮೇಲೆ ಬಂದು, ಮೊದಲನೆಯದು ಹೇಳಿದಾಗ ಬಾಂಬ್ ಬೀಳಿಸುತ್ತೆ. ಕೆಳಗಿದ್ದವರಿಗೆ ಗೊತ್ತೇ ಆಗಲ್ಲ. 1944ರ ಆರಂಭದಲ್ಲಿ ಒಂದೇ ಗಸ್ತಿನಲ್ಲಿ ಅವರ ಗುಂಪು ಆರು ಯು-ಬೋಟ್‌ಗಳನ್ನು ಮುಳುಗಿಸಿತು.

ಕೆಳಗಿದ್ದವರೂ ಮನುಷ್ಯರೇ. ವಾಕರ್‌ಗೆ ಅದು ಗೊತ್ತಿರಲೇಬೇಕು, ಅವರ ಮಗ ತಿಮೋತಿ 1943ರಲ್ಲಿ ಸತ್ತಿದ್ದೂ ಒಂದು ಬ್ರಿಟಿಷ್ ಜಲಾಂತರ್ಗಾಮಿಯಲ್ಲೇ. ಅಪ್ಪ ಕೆಲಸ ನಿಲ್ಲಿಸಲಿಲ್ಲ. 1944ರ ಜುಲೈ 9ರಂದು ಪಾರ್ಶ್ವವಾಯುವಿನಿಂದ ತೀರಿಕೊಂಡಾಗ ವಯಸ್ಸು 48. ಲಿವರ್‌ಪೂಲ್ ಬಂದರಿನಲ್ಲಿ ಅವರ ಪ್ರತಿಮೆ ನಿಂತಿದ್ದು 1998ರಲ್ಲಿ.

ನನ್ನದು ಇನ್‌ಸ್ಟ್ರುಮೆಂಟೇಷನ್. ಮನೆಗೆ ಹೋದರೆ ಮಾವ "ಅದರಲ್ಲಿ ಪ್ಲೇಸ್‌ಮೆಂಟ್ ಆಗುತ್ತೇನೋ?" ಅಂತ ಕೇಳ್ತಾರೆ. ವಾಕರ್ ಕಥೆ ಹೇಳಿ ಅವರ ಬಾಯಿ ಮುಚ್ಚಿಸೋಕೆ ಆಗಲ್ಲ. ಯುದ್ಧ ಬರದಿದ್ದರೆ ವಾಕರ್ ಹೆಸರು ನಮಗೆ ಗೊತ್ತಾಗ್ತಿರಲಿಲ್ಲ. 'ಇಷ್ಟಪಟ್ಟಿದ್ದು ಓದು, ಕಾಲ ಕೂಡಿ ಬರುತ್ತೆ' ಅನ್ನೋಕೆ ನನಗೆ ಧೈರ್ಯ ಇಲ್ಲ. ಆದರೆ ಒಂದಂತೂ ನಿಜ. ಹಡಗು ಕೈಗೆ ಬಂದ ದಿನ ಅವರು ಕಲಿಯೋಕೆ ಶುರು ಮಾಡಲಿಲ್ಲ. ಯಾರೂ ನೋಡದ ವರ್ಷಗಳಲ್ಲೇ ಕಲಿತು ಮುಗಿಸಿದ್ದರು.