ಎರಡು ಅಯನಾಂಶಗಳ ನಡುವೆ

ಆಗಸ್ಟ್ 2, ರಾತ್ರಿ
ಬಡಾವಣೆಯ ಹಿರಿಯರ ಕೂಟದಿಂದ ಫೋನ್. ಎಂಟಕ್ಕೆ ಜ್ಯೋತಿಷಿ ಬಿ.ವಿ. ರಾಮನ್ ಹುಟ್ಟಿದ ದಿನವಂತೆ, ನಾಲ್ಕು ಮಾತಾಡಬೇಕಂತೆ. ‘ನಿಮ್ಮ ತಂದೆ ಅವರನ್ನ ಅಷ್ಟು ಓದ್ಕೊಂಡಿದ್ರಲ್ಲ ಸಾರ್.’ ಓದಿಕೊಂಡಿದ್ದವರು ಅಪ್ಪ, ನಾನಲ್ಲ. ಆದರೂ ಹೂಂ ಅಂದುಬಿಟ್ಟೆ.

ಆಗಸ್ಟ್ 3
ಅಪ್ಪನ ಟ್ರಂಕು ತೆಗೆದೆ. ‘ದಿ ಅಸ್ಟ್ರಲಾಜಿಕಲ್ ಮ್ಯಾಗಜೀನ್’, ವರ್ಷವಾರು ದಾರ ಕಟ್ಟಿಟ್ಟಿದ್ದಾರೆ. ರಾಮನ್ ಅವರ ತಾತ ಬಿ. ಸೂರ್ಯನಾರಾಯಣ ರಾವ್ 1895ರಲ್ಲಿ ಶುರುಮಾಡಿದ ಪತ್ರಿಕೆ. ನಡುವೆ ನಿಂತಿತ್ತು. 1936ರಲ್ಲಿ ಮೊಮ್ಮಗ ಮತ್ತೆ ಹೊರತಂದರು, ಇಪ್ಪತ್ನಾಲ್ಕರ ಹರೆಯದಲ್ಲಿ. ಸಂಸ್ಕೃತದ ಶಾಸ್ತ್ರ, ಇಂಗ್ಲಿಷ್ ಬರಹ, ಬೆಂಗಳೂರಿನ ಅಚ್ಚು. 1998ರಲ್ಲಿ ರಾಮನ್ ಹೋದರು. ಪತ್ರಿಕೆ 2007ರವರೆಗೆ ಬಂತು.
ಅಂಚಿನ ತುಂಬ ಅಪ್ಪನ ಪೆನ್ಸಿಲ್ ಲೆಕ್ಕ. ಬ್ಯಾಂಕಿನಲ್ಲಿ ದಿನವಿಡೀ ಕೂಡಿ ಕಳೆದು ಬಂದವರಿಗೆ ಮನೆಯಲ್ಲೂ ಅದೇ ಸುಖವಿತ್ತೇನೋ.

ಆಗಸ್ಟ್ 4, ನಿದ್ದೆಯಿಲ್ಲ
ನನ್ನ ಜಾತಕ ಹಾಕಿ ನೋಡಿದೆ, ಎರಡು ಬಗೆಯಲ್ಲಿ. ಸರ್ಕಾರಿ ಪಂಚಾಂಗದ್ದು ಚಿತ್ರಾಪಕ್ಷ: ಮೇಘನಾದ ಸಹಾ ಸಮಿತಿ ಒಪ್ಪಿದ್ದು, ನಕ್ಷತ್ರಗಳ ರಾಶಿಚಕ್ರಕ್ಕೂ ಋತುಗಳ ರಾಶಿಚಕ್ರಕ್ಕೂ ಇರುವ ಅಂತರ, ಅಂದರೆ ಅಯನಾಂಶ, ಸೊನ್ನೆಯಾಗಿದ್ದು ಕ್ರಿ.ಶ. 285ರಲ್ಲಿ ಅನ್ನುವ ಲೆಕ್ಕ. ರಾಮನ್ ಹಿಡಿದದ್ದು 397. ನಡುವಿನ ಅಂತರ ಒಂದೂವರೆ ಡಿಗ್ರಿಗೆ ಚೂರು ಕಡಿಮೆ. ಅಷ್ಟೇ ತಾನೆ ಅನ್ನಿಸಿತು.
ಅಷ್ಟೇ ಅಲ್ಲ. ನನ್ನದು ಪುಷ್ಯ ನಕ್ಷತ್ರ. ಹುಟ್ಟಿದಾಗ ಉಳಿದ ಶನಿದಶೆ ಒಂದರಲ್ಲಿ ಒಂಬತ್ತೂವರೆ ವರ್ಷ, ಇನ್ನೊಂದರಲ್ಲಿ ಏಳೂವರೆಯೂ ಇಲ್ಲ. ಮುಂದಿನ ದಶೆಗಳೆಲ್ಲ ಎರಡು ವರ್ಷ ಹಿಂದಕ್ಕೆ. ಅಪ್ಪ ಹೋದದ್ದು ಒಂದರಲ್ಲಿ ಕೂಡುತ್ತದೆ, ನೌಕರಿ ಸಿಕ್ಕಿದ್ದು ಇನ್ನೊಂದರಲ್ಲಿ. ಎರಡನ್ನೂ ಇಟ್ಟುಕೊಂಡರೆ ಯಾವುದು ತಾನೇ ಕೂಡುವುದಿಲ್ಲ?

ಆಗಸ್ಟ್ 5
ಅಕ್ಕನ ಫೋನ್. ಭಾಷಣದ ಸುದ್ದಿ ಹೇಳಿದೆ. ‘ಅವರ ಬಗ್ಗೇನೇ? ಮಾತಾಡು, ಮಾತಾಡು’ ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಉಪ್ಪಿನಕಾಯಿ ಹಾಕಿದೀನಿ, ಬಂದು ತಗೊಂಡ್ಹೋಗು.’
ಅವಳದು ಕಟಕ ಲಗ್ನ, ಏಳನೆಯ ಮನೆಯಲ್ಲಿ ಕುಜ, ಅಂದರೆ ಕುಜದೋಷ ಅಂತ ಲೆಕ್ಕ. ಎಲ್ಲ ಮಾತಾಗಿದ್ದ ಸಂಬಂಧ ಆ ಒಂದು ಮನೆಯಿಂದ ಮುರಿಯಿತು. ಆಮೇಲೆ ಬಂದವರೂ ಅದನ್ನೇ ಕೇಳಿದರು. ಅಕ್ಕ ಮದುವೆಯಾಗಲಿಲ್ಲ.

ಅದೇ ದಿನ, ಸಂಜೆ
ರಾಮನ್ ಅವರ ‘ಮುಹೂರ್ತ’ ಸಿಕ್ಕಿತು. ಕುಜದೋಷಕ್ಕೆ ಅಪವಾದಗಳ ಪಟ್ಟಿಯಿದೆ. ಸಿಂಹ, ಕುಂಭದಲ್ಲಿದ್ದರೆ ದೋಷವೇ ಇಲ್ಲ. ಏಳನೆಯ ಮನೆ ಮಕರವೋ ಕಟಕವೋ ಆದರೆ ದೋಷವಿಲ್ಲ.
ಕಟಕ ಲಗ್ನಕ್ಕೆ ಏಳು ಅಂದರೆ ಮಕರ.
ಅಪ್ಪ ಅಡಿಗೆರೆ ಎಳೆದಿದ್ದಾರೆ. ಅಂದರೆ ಗೊತ್ತಿತ್ತು. ಹುಡುಗನ ಕಡೆಯವರಿಗೆ ತೋರಿಸಿದರೋ ಇಲ್ಲವೋ. ತೋರಿಸಿದ್ದರೆ ಕೇಳುತ್ತಿದ್ದರೇ?

ಆಗಸ್ಟ್ 6
ಬೆಳಗಿನಿಂದ ಸಿಟ್ಟು. ಯಾರ ಮೇಲೆ ಅಂತ ತಿಳಿಯದು. ಇದೇ ಬೆಂಗಳೂರಿನಲ್ಲಿ ಎಚ್. ನರಸಿಂಹಯ್ಯನವರೂ ಇದ್ದರು, ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದವರು. ಅಪವಾದ ಯಾಕೆ ಬೇಕು, ನಿಯಮವನ್ನೇ ಬಿಡಿ ಅನ್ನುತ್ತಿದ್ದರೇನೋ. 1985ರಲ್ಲಿ ‘ನೇಚರ್’ನಲ್ಲಿ ಬಂದ ಕಾರ್ಲ್‌ಸನ್ ಪರೀಕ್ಷೆಯಲ್ಲಿ ಜ್ಯೋತಿಷಿಗಳು ಜಾತಕಕ್ಕೆ ವ್ಯಕ್ತಿತ್ವ ಹೊಂದಿಸಿದ್ದು ಊಹೆಗಿಂತ ಮೇಲೇಳಲಿಲ್ಲ. ಅವರು ಪಾಶ್ಚಾತ್ಯ ಪದ್ಧತಿಯವರು ಅಂತ ಅಪ್ಪ ವಾದಿಸುತ್ತಿದ್ದರು.
ವಿದ್ವಾಂಸ ಅಪವಾದ ಬರೆದು ಹೆಣ್ಣುಮಕ್ಕಳನ್ನು ಉಳಿಸಿದನೇ, ಅಥವಾ ನಿಯಮಕ್ಕೆ ಇನ್ನಷ್ಟು ಆಯುಸ್ಸು ಕೊಟ್ಟನೇ?

ಆಗಸ್ಟ್ 7
ರಾಮನ್ ಮಾಡಿದ ‘ಪ್ರಶ್ನಮಾರ್ಗ’ದ ಅನುವಾದ ತಿರುವಿದೆ. ಕೇರಳದ ದೊಡ್ಡ ಗ್ರಂಥ, ಶ್ಲೋಕ, ಅರ್ಥ, ಟಿಪ್ಪಣಿ. ಫಲ ನಂಬದಿದ್ದರೂ ಈ ದುಡಿಮೆಗೆ ತಲೆ ಬಾಗುತ್ತದೆ. ಬಾಗಬಾರದು ಅಂತಲೂ ಅನ್ನಿಸುತ್ತದೆ.

ಆಗಸ್ಟ್ 8, ರಾತ್ರಿ
ಮಾತಾಡಿ ಬಂದೆ. 1895, 1936, ಅಯನಾಂಶ, ಎಲ್ಲ ಹೇಳಿದೆ. ಅಕ್ಕನ ಹೆಸರು ಎತ್ತಲಿಲ್ಲ, ಅಪವಾದಗಳ ಪಟ್ಟಿಯನ್ನು ಮಾತ್ರ ಓದಿದೆ. ಹಿಂದಿನ ಸಾಲಿನ ಹೆಂಗಸೊಬ್ಬರು ಪುಟಸಂಖ್ಯೆ ಬರೆದುಕೊಂಡರು, ಮಗಳಿಗಂತೆ.
ಜ್ಯೋತಿಷದ ವಿಚಾರ ನನಗೆ ಇನ್ನೂ ಬಗೆಹರಿದಿಲ್ಲ. ಇಷ್ಟು ಮಾತ್ರ ಖಚಿತ: ಶಾಸ್ತ್ರದ ಹೆಸರು ಹೇಳಿ ಹೆಣ್ಣು ಬೇಡವೆನ್ನುವವರು ಆ ಶಾಸ್ತ್ರವನ್ನಾದರೂ ಪೂರ್ತಿ ಓದಬೇಕು.