ಮೈಸೂರು ದಾರಿಯ ನಿಲುಗಡೆಗಳು

ನಾಯಂಡಹಳ್ಳಿಯ ವರ್ತುಲ ರಸ್ತೆಯನ್ನು ದಾಟಿ ಕೆಂಗೇರಿಯ ಕಡೆಗೆ ಹೊರಟರೆ ಅದೇ ಮೈಸೂರಿನ ದಾರಿ. 2023ರ ಮಾರ್ಚಿನಲ್ಲಿ ಉದ್ಘಾಟನೆಗೊಂಡ ಹೆದ್ದಾರಿಯು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರುಗಳನ್ನು ಹೊರಗೇ ಬಿಟ್ಟು ಸಾಗುತ್ತದೆ. ಸಮಯ ಉಳಿಯುವುದೇನೋ ನಿಜ. ಆದರೆ ಮನೆಮಂದಿಯೊಡನೆ ಹೊರಟಾಗ ನಾವು ಊರೊಳಗಿನ ಹಳೆಯ ರಸ್ತೆಯನ್ನೇ ಹಿಡಿಯುತ್ತೇವೆ.

ಬಿಡದಿಯಲ್ಲಿ ತಟ್ಟೆ ಇಡ್ಲಿ, ಮೇಲೊಂದಿಷ್ಟು ಬೆಣ್ಣೆ. ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ. 1975ರ ‘ಶೋಲೆ’ ಚಿತ್ರದ ಬಂಡೆಗಳನ್ನು ತೋರಿಸಲು ಮಕ್ಕಳಿಗಿಂತ ಅಜ್ಜಂದಿರಿಗೇ ಆತುರ! ಚನ್ನಪಟ್ಟಣದಲ್ಲಿ ಮಾತ್ರ ಕಾಲು ಕೀಳುವುದು ಕಷ್ಟ. ಯಂತ್ರದಲ್ಲಿ ಗರಗರನೆ ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ, ತಿಕ್ಕಾಟದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಳಿಕ ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುವರು. ಕುಂಚವೇ ಬೇಡ. ಈ ಕಾಯಕವನ್ನು ಕಣ್ಣಾರೆ ಕಂಡ ಮಗು ತನ್ನ ಬುಗುರಿಯನ್ನು ಮೂಲೆಗೆ ಎಸೆಯದು.

ಮದ್ದೂರು ವಡೆಯು ರೈಲು ನಿಲ್ದಾಣದ ಪ್ರಯಾಣಿಕರಿಂದ ಹೆಸರಾದ ತಿಂಡಿ. ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿ ಬೆರೆಸಿ ಗರಿಗರಿಯಾಗಿ ಕರಿಯುವುದರಿಂದ ಬುತ್ತಿಗೂ ಒದಗುತ್ತದೆ.

ಹೆದ್ದಾರಿ ಬಂದ ಮೇಲೆ, ದಾರಿಹೋಕರನ್ನೇ ನಂಬಿದ್ದ ಗೊಂಬೆಯಂಗಡಿ, ಹೋಟೆಲುಗಳ ವ್ಯಾಪಾರ ಕುಗ್ಗಿದೆ. ಅತ್ತ ಹೋಗುವ ಬಂಧುಗಳು ಒಂದನ್ನು ನೆನಪಿಡಬೇಕು: ಹೆದ್ದಾರಿಯಿಂದ ಎಲ್ಲೆಂದರಲ್ಲಿ ಇಳಿಯಲಾಗದು, ಆರಂಭದಲ್ಲೇ ಪಕ್ಕದ ಸೇವಾ ರಸ್ತೆಯನ್ನು ಹಿಡಿಯಬೇಕು.