ಏಲಕ್ಕಿಯ ಮಾಲೆಯೂ ಮತದ ಪೆಟ್ಟಿಗೆಯೂ

ಹಾವೇರಿಯ ಏಲಕ್ಕಿ ಮಾಲೆಯನ್ನು ಅರಿಯದವರು ವಿರಳ. ದೇವರ ಕೊರಳಿಗೂ ದೇಶದ ಧುರೀಣರ ಕೊರಳಿಗೂ ಅದು ಸಲ್ಲುತ್ತದೆ. ಅದನ್ನು ಕಟ್ಟುವ ಕೈಗಳಾದರೋ ಮುಸಲ್ಮಾನ ಪಟವೇಗಾರರವು. ಆದರೆ ಮುಂಬಯಿ ಇಲಾಖೆಯ ಕಾಲದಲ್ಲಿ ಒಂದೇ ಪೇಟೆಯಲ್ಲಿ ಕೊಟ್ಟು ಕೊಳ್ಳುವ ಜನ ಮತದಾನದ ದಿನ ಬೇರ್ಪಡುತ್ತಿದ್ದರು. 1909ರ ಕಾನೂನಿನಿಂದ ಮೊದಲಾದ ಪ್ರತ್ಯೇಕ ಮತಕ್ಷೇತ್ರಗಳಲ್ಲಿ ಮುಸಲ್ಮಾನ ಉಮೇದುವಾರನಿಗೆ ಮುಸಲ್ಮಾನರೇ ಮತ ಕೊಡತಕ್ಕದ್ದು; ನೆರೆಮನೆಯವನನ್ನು ಒಲಿಸಿಕೊಳ್ಳುವ ಗೊಡವೆ ಇಬ್ಬರಿಗೂ ಇರಲಿಲ್ಲ. ಈ ಏರ್ಪಾಡಿನ ಬಲದಿಂದಲೇ 1946ರಲ್ಲಿ ಮುಸ್ಲಿಂ ಲೀಗು ಇಲಾಖೆಯ ಮುಸಲ್ಮಾನ ಸ್ಥಾನಗಳನ್ನೆಲ್ಲ ಗೆದ್ದುಕೊಂಡಿತು.

ಮರುವರ್ಷ ದೇಶವು ಇಬ್ಭಾಗವಾಯಿತು. ಲೀಗಿನ ಮುಖಂಡರನೇಕರು ಪಾಕಿಸ್ತಾನವನ್ನು ಸೇರಿದರು. ಇಲ್ಲಿಯೇ ಉಳಿದವರ ಗತಿಯೇನು? 1948ರ ಮಾರ್ಚ್ 10ರಂದು ಮದರಾಸಿನಲ್ಲಿ ನೆರೆದ ಸಭೆಯು, ಪಕ್ಷವನ್ನು ವಿಸರ್ಜಿಸದೆ ಭಾರತದಲ್ಲಿ ಮುಂದುವರಿಸುವುದೆಂದು ನಿಶ್ಚಯಿಸಿತು. ಎಂ. ಮುಹಮ್ಮದ್ ಇಸ್ಮಾಯಿಲ್ ಸಾಹೇಬರು ಅದರ ಅಧ್ಯಕ್ಷರಾದರು. 1949ರ ಮೇ ತಿಂಗಳಲ್ಲಿ ಅವರು ಸಂವಿಧಾನ ಸಭೆಯೆದುರು ಪ್ರತ್ಯೇಕ ಮತಕ್ಷೇತ್ರಗಳನ್ನೇ ಬೇಡಿದರು. ಹಿಂದೆ ಲೀಗಿನವರೇ ಆಗಿದ್ದ ಬೇಗಂ ಐಜಾಜ್ ರಸೂಲರಾದರೋ ಮೀಸಲು ಸ್ಥಾನಗಳು ಕೂಡ ಬೇಡವೆಂದು ವಾದಿಸಿದರು. ಆ ಕಾಲದಲ್ಲಿ ಹಾಗೆನ್ನಲು ಸಾಮಾನ್ಯ ಧೈರ್ಯವು ಸಾಲದು. ಸಭೆಯು ಬೇಗಮರ ಪಕ್ಷವನ್ನೇ ಹಿಡಿಯಿತು.

ಮಲಬಾರಿನಲ್ಲಿ ಲೀಗು ಬೇರೂರಿ, 1979ರಲ್ಲಿ ಅದರ ಸಿ. ಎಚ್. ಮುಹಮ್ಮದ್ ಕೋಯರು ಅಲ್ಪಕಾಲ ಕೇರಳದ ಮುಖ್ಯಮಂತ್ರಿಯೂ ಆದರು. ನಮ್ಮ ಸೀಮೆಯ ಕಥೆಯು ಬೇರೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಧಾರವಾಡ ದಕ್ಷಿಣವೆಂಬ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದುವು. ಅಲ್ಲಿ ಮತದಾರರಲ್ಲಿ ಹಿಂದೂಗಳೇ ಬಹುಸಂಖ್ಯಾತರು, ಎಲ್ಲರಿಗೂ ಪೆಟ್ಟಿಗೆಯೊಂದೇ. ಆದರೂ 1962ರಲ್ಲಿ ಕಾಂಗ್ರೆಸ್ಸಿನ ಎಫ್. ಎಚ್. ಮೊಹಸಿನ್ನರು ಆರಿಸಿಬಂದರು, 1967, 1971, 1977ರಲ್ಲಿಯೂ ಅವರೇ. ಲೀಗಿನ ಹೆಸರೆತ್ತುವ ಪ್ರಸಂಗವೇ ಇಲ್ಲಿ ಬರಲಿಲ್ಲ. ಜನರು ನೋಡಿದುದು ಮೊಹಸಿನ್ನರ ಮತವನ್ನೋ ಅವರ ಪಕ್ಷವನ್ನೋ? ಪಕ್ಷವನ್ನೇ ಎಂದರೂ ಇಸ್ಮಾಯಿಲ್ ಸಾಹೇಬರ ಅಂಜಿಕೆಯು ಇಲ್ಲಿ ನಿಜವಾಗಲಿಲ್ಲವಷ್ಟೆ.

1999ರಲ್ಲಿ ಐ. ಜಿ. ಸನದಿಯವರು ಗೆದ್ದುದೇ ಕಡೆಯದು. 2004ರಿಂದೀಚೆಗೆ ಈ ಸೀಮೆಯಿಂದ ಮುಸಲ್ಮಾನರೊಬ್ಬರೂ ಲೋಕಸಭೆಗೆ ಹೋಗಿಲ್ಲ. ಕ್ಷೇತ್ರವು ಹಾವೇರಿಯ ಹೆಸರನ್ನು ತಳೆದ ಮೇಲೆ, 2009ರಲ್ಲಿಯೂ 2014ರಲ್ಲಿಯೂ ಅದೇ ಕಾಂಗ್ರೆಸ್ಸಿನ ಸಲೀಂ ಅಹ್ಮದರು ನಿಂತು ಸೋತರು.